ಮುನ್ಸೀಫನ ಸಂಧಿಪ್ರಕರಣ

ತಪ್ಪು ಕಂಡಲ್ಲಿ ತಿದ್ದದೆ ಇರಲಾರದವರು ಈ ಲೋಕದಲ್ಲಿ ಎರಡೇ ಜಾತಿ: ಅತ್ತೆಯರು ಮತ್ತು ಕನ್ನಡ ಪಂಡಿತರು. ಅತ್ತೆಗೆ ಸೊಸೆ ಒಬ್ಬಳೋ ಇಬ್ಬರೋ. ಪಂಡಿತನಿಗೆ ಊರಿಗೆ ಊರೇ ಸೊಸೆ. ನಾನು ಎರಡನೆಯ ಜಾತಿಯವನು. ಬೆಳ್ತಂಗಡಿಯಲ್ಲಿ ಹೈಸ್ಕೂಲು ಪಂಡಿತನಾಗಿ ಸವೆದವನು. ಮದುವೆಯ ಕಾಗದ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುತ್ತೇನೆ. ಒಮ್ಮೆ ಕಲ್ಲಡ್ಕದ ಒಂದು ಹೋಟೆಲಿನ ಹಲಗೆಯ ಮೇಲೆ ‘ಬಿಸಿ ಧೋಸೆ’ ಎಂದು ಬರೆದದ್ದು ಕಂಡು, ಜೇಬಿನಲ್ಲಿದ್ದ ಸೀಮೆಸುಣ್ಣ ತೆಗೆದು, ಆ ಹೊಟ್ಟೆ ಸೀಳಿದ ಗೆರೆಯನ್ನು ಒರಸಿ ‘ದೋಸೆ’ ಮಾಡಿದೆ. ಹೋಟೆಲಿನವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಏಳದೆಯೇ ಹೇಳಿದರು: “ಪಂಡಿತರೇ, ದೋಸೆಯ ಹೊಟ್ಟೆಗೆ ನೀವು ಕೈ ಹಾಕ್ಬೇಡಿ ಮಾರಾಯ್ರೆ. ತಿಂದವರ ಹೊಟ್ಟೆ ನಾನು ನೋಡಿಕೊಳ್ತೇನೆ.” ನನಗೆ ನಾಚಿಕೆಯೇನೂ ಆಗಲಿಲ್ಲ. ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು ಎಂದು ತಿಳಿಯದವನ ದೋಸೆಯಲ್ಲಿ ಉಪ್ಪು ಸರಿಯಾಗಿರುವುದು ಹೇಗೆ ಎಂದುಕೊಂಡು ಎದ್ದು ಬಂದೆ. ಈ ಚಟದಿಂದ ನಾನು ಒಂದು ಜೀವವನ್ನೇ ಕಳೆಯುವುದರಲ್ಲಿದ್ದೆ ಎಂಬುದನ್ನು ಮಾತ್ರ ಇದುವರೆಗೆ ಯಾರಲ್ಲೂ ಹೇಳಿಲ್ಲ. ಮನುಷ್ಯ ಜೀವವಲ್ಲ, ಕುದುರೆಯದು. ಆದರೆ ನಮ್ಮ ಮನೆಯಲ್ಲಿ ಆ ಕಾಲಕ್ಕೆ ಅದರ ಬೆಲೆ ನನ್ನದಕ್ಕಿಂತ ಕಡಿಮೆಯಿರಲಿಲ್ಲ.

ನಮ್ಮ ಕಡೆ ಕುದುರೆ ಎಂದರೆ ಒಂದು ಬೆಟ್ಟ. ಬೆಳ್ತಂಗಡಿಯಲ್ಲಿ ನಿಂತು ಮೂಡಣಕ್ಕೆ ತಿರುಗಿದರೆ ಕುದುರೆಮುಖ ಕಾಣುತ್ತದೆ. ಕುದುರೆಯ ವಿಷಯದಲ್ಲಿ ನಮ್ಮವರ ತಿಳಿವಳಿಕೆ ಆ ಮುಖದಲ್ಲೇ ಮುಗಿಯುತ್ತದೆ. ಮೊಣಕಾಲಿನವರೆಗೆ ಇಳಿದು ಬಂದದ್ದಿಲ್ಲ. ಎತ್ತು, ಕೋಣ, ನಾಯಿ ಇವುಗಳ ಕಾಯಿಲೆಗೆ ಮನೆಗೊಬ್ಬ ವೈದ್ಯನಿದ್ದಾನೆ. ಕುದುರೆಗೆ ಏನಾದರೂ ಆದರೆ ಹೇಳಲು ಜನವಿಲ್ಲ, ಏಕೆಂದರೆ ಕುದುರೆಯೇ ಇಲ್ಲ. ಅಂಥ ಊರಿನಲ್ಲಿ ನನ್ನ ಮಾವನವರ ಹತ್ತಿರ ಒಂದು ಕುದುರೆಯಿತ್ತು. ಕುದುರೆ ಎಂದರೆ ಮಹಾರಾಜರು ಏರುವಂಥದ್ದಲ್ಲ. ಘಟ್ಟದ ಮೇಲಿನ ಸಂತೆಯಿಂದ ತಂದ ತಟ್ಟು, ಕಂದು ಬಣ್ಣದ್ದು, ನನ್ನ ಎದೆಯ ಎತ್ತರದ್ದು. ಮಾವ ನಾರಾವಿಯವರು, ಸರಕಾರದ ದಾಕು, ಎಂದರೆ ಸಿಡುಬಿನ ಚುಚ್ಚುಮದ್ದು, ಹಾಕುವ ಕೆಲಸದಲ್ಲಿದ್ದರು. ಆಗ ನಮ್ಮ ಜಿಲ್ಲೆ ಇನ್ನೂ ಮದರಾಸಿಗೆ ಸೇರಿತ್ತು, ಸಿಡುಬು ಇನ್ನೂ ಊರೂರು ತಿರುಗುತ್ತಿತ್ತು. ಅದಕ್ಕಿಂತ ಒಂದು ಹೆಜ್ಜೆ ಮುಂದೆ ತಾವು ಇರಬೇಕೆಂದು ಮಾವ ಘಟ್ಟದ ಬುಡದ ಹಳ್ಳಿಗಳಿಗೆಲ್ಲ ಈ ತಟ್ಟುವಿನ ಮೇಲೆ ಹೋಗುತ್ತಿದ್ದರು. ಅದರ ಗೊರಸಿನ ಸದ್ದು ಕೇಳಿದರೆ ಸಾಕು, ಮಕ್ಕಳು ಅಟ್ಟ ಹತ್ತುತ್ತಿದ್ದರು, ಹುಲ್ಲು ಬಣವೆಯೊಳಗೆ ನುಗ್ಗುತ್ತಿದ್ದರು. ಈಗ ನಮ್ಮ ತಾಲೂಕಿನಲ್ಲಿ ತೋಳಿನ ಮೇಲೆ ದಾಕಿನ ಕಲೆಯಿರುವ ಗಂಡಸರು ಎಷ್ಟೇ ಮೀಸೆ ತಿರುವಲಿ, ಒಂದು ಕಾಲದಲ್ಲಿ ಆ ತಟ್ಟುವಿಗೆ ಹೆದರಿ ಬಣವೆಯಲ್ಲಿ ಅಡಗಿದವರೇ.

ಮಾವ ಅದಕ್ಕೆ ಇಟ್ಟ ಹೆಸರು ಮುನ್ಸೀಫ. ಹೊಳೆ ಬಂದರೆ, ಹೊಳೆ ದಾಟುವ ಮರದ ಸಂಕ ಬಂದರೆ, ಬರಿಯ ಒಂದು ಕೆಸರಿನ ಹೊಂಡ ಬಂದರೂ, ಅದು ತಲೆ ತಗ್ಗಿಸಿ ಎರಡೂ ಕಡೆಯ ವಾದ ಕೇಳುವಂತೆ ನಿಂತುಬಿಡುತ್ತಿತ್ತು. ಆಮೇಲೆ ತೀರ್ಪು. ಕೆಲವು ದಿನ ತೀರ್ಪೂ ಇಲ್ಲ, ಬರೇ ವಾಯಿದೆ. ಮಾವನಿಗೆ ಒಂದು ಜಾಗದ ವ್ಯಾಜ್ಯ ಬಹಳ ವರ್ಷ ನಡೆದಿತ್ತಾದ್ದರಿಂದ ಕಾದು ಕೂರುವ ಅಭ್ಯಾಸವಿತ್ತು.

ಮಾವ ಒಂದು ಆಟಿ ತಿಂಗಳಲ್ಲಿ, ಮಳೆ ಜೋರಿರುವಾಗ, ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜ ಮುಗಿದು ಮನೆಯ ಸಾಮಾನು ಹಂಚುವಾಗ ನನ್ನ ಭಾವಂದಿರು ದನ ತೆಗೆದುಕೊಂಡರು, ಪಾತ್ರೆ ತೆಗೆದುಕೊಂಡರು, ಗೋಡೆಯ ಗಡಿಯಾರವನ್ನೂ ತೆಗೆದುಕೊಂಡರು. ಕುದುರೆಯ ಮಾತು ಯಾರೂ ಎತ್ತಲಿಲ್ಲ. ಹೆಂಡತಿ ಸುಮತಿ ಎದ್ದು, “ಮುನ್ಸೀಫ ನಮ್ಮೊಟ್ಟಿಗೆ ಬರ್ತಾನೆ” ಎಂದಳು. ನನ್ನನ್ನು ಕೇಳಲಿಲ್ಲ. ನಮ್ಮಲ್ಲಿ ಸೊಪ್ಪು ಕಡಿಯಲು ಬರುತ್ತಿದ್ದ ಐತಪ್ಪ ಅದನ್ನು ನಾರಾವಿಯಿಂದ ಎರಡು ದಿನ ನಡೆಸಿಕೊಂಡು ಬಂದ. ಐತಪ್ಪ ಬಾಯಿ ಮುಚ್ಚಿ ನಡೆಯುವವನಲ್ಲ. ದಾರಿಯುದ್ದಕ್ಕೂ ಕುದುರೆಗೆ ಊರ ಸುದ್ದಿಯೆಲ್ಲ ಹೇಳಿಕೊಂಡೇ ಬಂದನಂತೆ. ನಾನು ಬಸ್ಸಿನಲ್ಲಿ ಬಂದೆ.

ಮಳೆಗಾಲ ಹೇಗೋ ಕಳೆಯಿತು. ದೀಪಾವಳಿ ದಾಟಿ, ಒಂದು ದಿನ ಬೆಳಿಗ್ಗೆ ತಲೆಗೆ ಹಚ್ಚಲು ಹೋದರೆ ತೆಂಗಿನೆಣ್ಣೆ ಕುಪ್ಪಿಯಲ್ಲಿ ಗಟ್ಟಿಯಾಗಿ ಕೂತಿತ್ತು. ನಮ್ಮ ಕಡೆ ಚಳಿಗಾಲ ಬಂತೆನ್ನುವುದಕ್ಕೆ ಅದೇ ಗುರುತು. ಘಟ್ಟದ ಮೇಲಿನವರು ನಮ್ಮ ಚಳಿಯನ್ನು ಕಂಡು ನಗಬಹುದು; ನಗಲಿ. ಘಟ್ಟದ ಬುಡದಲ್ಲಿ ಬೆಳಗಿನ ಜಾವ ಇಳಿಯುವ ಮಂಜು ಮೂಳೆಯೊಳಗೆ ಮನೆ ಮಾಡುವಂಥದ್ದು. ಅಂದು ಮುನ್ಸೀಫ ದನದ ಹಟ್ಟಿಯಿಂದ ಹೊರಗೆ ಬರಲಿಲ್ಲ. ಮುಂಗಾಲಿನ ಮೊಣಕಾಲುಗಳು ಊದಿ, ಹಿಂಗಾಲು ಮರದ ಕೊರಡಿನಂತೆ ಸೆಟೆದು, ಒಂದು ಹೆಜ್ಜೆ ಎತ್ತುವುದಕ್ಕೆ ಅದು ಪಡುವ ಪಾಡು ನೋಡಿ ಸುಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಈ ಒಂದು ಚಳಿಗಾಲ ದಾಟಿಸಿ ಕೊಡಿ” ಎಂದಳು ನನಗೆ. “ಅಪ್ಪ ಹೋದ ವರ್ಷವೇ ಇದೂ ಹೋಗುವುದು ಬೇಡ.” ಮದುವೆಯಾದ ಮೇಲೆ ಅವಳು ನನ್ನಲ್ಲಿ ಏನನ್ನಾದರೂ ಕೇಳಿದ್ದು ಕಡಿಮೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರಷ್ಟೆ. ಅಲ್ಲಿಯವರೆಗೆ ಎಳೆದುಕೊಂಡು ಹೋದರೆ ಸಾಕು ಎಂದು ನಾನು ಲೆಕ್ಕ ಹಾಕಿದೆ.

ಮೂಡುಬಿದಿರೆಯಿಂದ ದನದ ಡಾಕ್ಟರನ್ನು ಕರೆಸಿದೆ. ಬಸ್ಸಿಳಿದು ಬಂದವರೇ ಹಟ್ಟಿಯ ಬಾಗಿಲಲ್ಲಿ ನಿಂತು ಸಂತೋಷದಿಂದ ಕಣ್ಣರಳಿಸಿದರು. “ಪಂಡಿತರೇ, ಮದರಾಸಿನಲ್ಲಿ ಒಂದು ವರ್ಷ ಕುದುರೆಯನ್ನೇ ಓದಿದ್ದೇನೆ. ಇಲ್ಲಿಗೆ ಬಂದ ಮೇಲೆ ಇವತ್ತೇ ಮೊದಲು ನೋಡುವುದು” ಎಂದು, ರೋಗಿಯ ಕುತ್ತಿಗೆ ತಟ್ಟಿದರು. ಮುನ್ಸೀಫ ಅವರ ಕೈಚೀಲ ಮೂಸಿತು. ಅವರು ಕಾಲುಗಳನ್ನೆಲ್ಲ ಮಡಿಸಿ ಬಿಡಿಸಿ ನೋಡಿ ಹೇಳಿದ್ದು ಇಷ್ಟು: ಇದು ಮುದಿತನದ ಸಂಧಿವಾತ. ಗುಣವಾಗುವುದಲ್ಲ, ಸಾಗಿಸಿಕೊಂಡು ಹೋಗುವುದು. ಬೆಚ್ಚಗಿಡಬೇಕು, ನೆಲಕ್ಕೆ ತರಗೆಲೆ ದಪ್ಪಕ್ಕೆ ಹಾಸಬೇಕು, ಕುಡಿಯಲು ಬಿಸಿನೀರು ಕೊಡಬೇಕು. “ಎಲ್ಲಕ್ಕಿಂತ ಮುಖ್ಯ, ಬಿಸಿಲು ಬಂದ ಮೇಲೆ ದಿನಾ ನಡೆಸಬೇಕು. ನಿಂತರೆ ಹಿಡೀತದೆ, ನಡೆದರೆ ಬಿಡ್ತದೆ. ಮಲಗಿದ್ದು ಏಳದಿದ್ದರೆ ಮಾತ್ರ ನನಗೆ ಹೇಳಿ ಕಳುಹಿಸಿ.”

“ಆಗ ಎಂತ ಮಾಡ್ತೀರಿ?” ಎಂದು ಸುಮತಿ ಕೇಳಿದಳು.

ಡಾಕ್ಟರು ಚೀಲದ ಬಾಯಿ ಕಟ್ಟಿಕೊಂಡರು. “ಅದಕ್ಕೆ ಬೇರೆ ಸೂಜಿ ಉಂಟಮ್ಮ” ಎಂದರು.

ಬೆಚ್ಚಗಿಡುವುದೇನೂ ಕಷ್ಟವಾಗಲಿಲ್ಲ. ನನ್ನ ಕಂಬಳಿ ಕುದುರೆಗೆ ಹೋಯಿತು. ನನಗೆ ಸುಮತಿಯ ಹಳೆಯ ಸೀರೆ ಎರಡು ಮಡಿಕೆಯಾಗಿ ಬಂತು. ಬಚ್ಚಲ ಹಂಡೆಯಲ್ಲಿ ಮೊದಲ ಬಿಸಿನೀರು ಅದಕ್ಕೆ, ಉಳಿದದ್ದು ನನಗೆ. ಹುರುಳಿ ಬೇಯಿಸಿ ಬಿಸಿಬಿಸಿಯಾಗಿ ಅದಕ್ಕೆ, ಬೇಯಿಸಿದ ನೀರು ಸಾರಾಗಿ ನನಗೆ. ಹೊನ್ನೆಣ್ಣೆ ಕಾಯಿಸಿ ತಿಕ್ಕಿ, ಲಕ್ಕಿಸೊಪ್ಪಿನ ನೀರಿನಲ್ಲಿ ಶಾಖ ಕೊಟ್ಟು, ಎಕ್ಕದೆಲೆ ಬಾಡಿಸಿ ಕಟ್ಟಿ, ನಾನು ಶಾಲೆಗೆ ಹೋದರೆ ಹುಡುಗರು ಮೂಗು ಮುಚ್ಚಿಕೊಂಡೇ ಪಾಠ ಕೇಳುತ್ತಿದ್ದರು. ಆದರೆ ನಡೆಸುವುದು? ಹಗ್ಗ ಹಿಡಿದು ಎಳೆದೆ. ಹಿಂದಿನಿಂದ ದೂಡಿದೆ. ಬೆಲ್ಲ ತೋರಿಸಿದೆ, ಕುತ್ತಿಗೆ ಮಾತ್ರ ಉದ್ದ ಮಾಡಿ ಬೆಲ್ಲ ತಿಂದು, ಕಾಲು ಇಟ್ಟಲ್ಲೇ ಇಟ್ಟು, ವಾಯಿದೆ ಕೊಟ್ಟಿತು. ಹದಿನೈದು ದಿನದಲ್ಲಿ ನಾವು ಹಟ್ಟಿಯ ಬಾಗಿಲಿನಿಂದ ಬಾಳೆಯ ಬುಡದವರೆಗೂ ಹೋಗಲಿಲ್ಲ.

ಒಂದು ಭಾನುವಾರ ನಾನು ಕುಕ್ಕರುಗಾಲಿನಲ್ಲಿ ಕೂತು ಅದರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಐತಪ್ಪ ಬಂದ. “ಕುದುರೆಗ್ ದಾನೆ ಆಂಡ್?” ಎಂದು ತುಳುವಿನಲ್ಲಿ ಕೇಳಿದ. ಏನಾಯಿತು ಎಂದು. ನರಿಕೊಂಬಿನಲ್ಲಿ ಹುಟ್ಟಿದ ನನಗೂ ತಾಯಿನುಡಿ ತುಳುವೇ. ಆದರೆ ಪಂಡಿತನಾದ ಮೇಲೆ ನಾನು ಕಾಗೆಯ ಹತ್ತಿರವೂ ಕನ್ನಡದಲ್ಲೇ ಮಾತಾಡುವವನು.

“ಸಂಧಿ” ಎಂದೆ, ಮಹಾಪ್ರಾಣಕ್ಕೆ ಸಲ್ಲಬೇಕಾದ ಉಸಿರನ್ನು ಸಲ್ಲಿಸಿ. “ಇನ್ನು ಅದಕ್ಕೆ ಸಂಧಿಯದ್ದೇ ಆಗಬೇಕಷ್ಟೆ.”

ಐತಪ್ಪ ತಲೆಯ ಅಡಿಕೆಹಾಳೆಯ ಮುಟ್ಟಾಳೆ ತೆಗೆದು ಕೈಯಲ್ಲಿ ಹಿಡಿದ. “ಒಂದು ದಿನ ಸಾಕಾ?”

“ಒಂದು ದಿನ ಎಲ್ಲಿ ಸಾಕು? ದಿನಾ ಆಗಬೇಕು. ಚಳಿ ಮುಗಿಯುವವರೆಗೆ ಬಿಡಬಾರದು.”

“ಕುದುರೆ ಕೇಳ್ತದಾ?”

“ನಿಧಾನಕ್ಕೆ ಮಾಡಿದರೆ ಕೇಳ್ತದೆ.”

ಐತಪ್ಪ ಸ್ವಲ್ಪ ಹೊತ್ತು ಕುದುರೆಯನ್ನು ನೋಡಿ, ಸ್ವಲ್ಪ ಹೊತ್ತು ನನ್ನನ್ನು ನೋಡಿ, “ಹಾಗಾದರೆ ಜನ ಉಂಟು, ನಾನು ಹೇಳಿ ಕಳುಹಿಸ್ತೇನೆ” ಎಂದು ಹೋದ.

ತುಳು ತಿಳಿಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ತುಳುವಿನಲ್ಲಿ ‘ಸಂದಿ’ ಎಂದರೆ ಗಂಟೂ ಅಲ್ಲ, ಮೂಳೆಯೂ ಅಲ್ಲ. ನಾಟಿಯ ಗದ್ದೆಯಲ್ಲಿ ಹೆಂಗಸರು ಹೇಳುತ್ತಾರಲ್ಲ, ಭೂತದ ಕೋಲದಲ್ಲಿ ಬಣ್ಣ ಹಚ್ಚುವಾಗ ಹೇಳುತ್ತಾರಲ್ಲ, ಆ ಉದ್ದುದ್ದದ ಕಥೆಯ ಹಾಡು. ನನ್ನ ಅಜ್ಜಿಗೆ ನಾಲ್ಕೋ ಐದೋ ಬರುತ್ತಿತ್ತು. ಅದನ್ನು ಕೇಳಿಯೇ ನಾನು ನಿದ್ದೆ ಮಾಡುತ್ತಿದ್ದದ್ದು. ಆಮೇಲೆ ವ್ಯಾಕರಣ ಓದಿದೆ. ಲೋಪ, ಆಗಮ, ಆದೇಶ ಎಂದು ಉರು ಹೊಡೆದೆ. ಆ ಸಂಧಿ ಬಂದು ಈ ಸಂದಿಯನ್ನು ನನ್ನ ತಲೆಯಿಂದ ಹೊರಗೆ ಹಾಕಿತು ಎನ್ನಬೇಕು, ಏಕೆಂದರೆ ಐತಪ್ಪನ ಬೆನ್ನು ಕಾಣುವಾಗಲೂ ನನಗೆ ಅದು ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಯಕ್ಕ ಬಂದಳು. ಅರುವತ್ತು ದಾಟಿದ ಹೆಂಗಸು, ಸೊಂಟದಲ್ಲಿ ಎಲೆಯಡಿಕೆಯ ಚೀಲ. ನಮ್ಮ ಸುತ್ತಿನ ಗದ್ದೆಗಳಲ್ಲಿ ನಾಟಿಯ ಸಾಲಿಗೆ ಮೊದಲ ದನಿ ಎತ್ತುವವಳು ಅವಳೇ. ಆಕೆಗೆ ತುಳು ಬಿಟ್ಟು ಬೇರೆ ಆಡಲು ಬಾರದು, ನಿಧಾನಕ್ಕೆ ಹೇಳಿದರೆ ಕನ್ನಡ ತಿಳಿಯುತ್ತದೆ ಅಷ್ಟೆ. ಅವಳ ಮಾತನ್ನು ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತೇನೆ, ಮಾಡುವಾಗ ರುಚಿ ಸ್ವಲ್ಪ ಹೋಗುತ್ತದೆ. “ಐತಪ್ಪ ಹೇಳಿದ ಸಂದಿಯವಳು ನಾನು” ಎಂದಳು. ಗಂಟು ತಿಕ್ಕುವವಳೆಂದು ನಾನು ಎಣ್ಣೆಯ ಬಟ್ಟಲು ಅವಳ ಮುಂದೆ ಹಿಡಿದೆ. ಅವಳು ಬೆರಳು ಅದ್ದಿ ತಲೆಗೆ ಸ್ವಲ್ಪ ಹಚ್ಚಿಕೊಂಡಳು. ಆಮೇಲೆ ಮುನ್ಸೀಫನನ್ನು ಮೇಲಿನಿಂದ ಕೆಳಗೆ ನೋಡಿ, “ಮನುಷ್ಯರಿಗೆ ಹೇಳಿದ್ದುಂಟು, ಗದ್ದೆಗೆ ಹೇಳಿದ್ದುಂಟು. ಕುದುರೆಗೆ ಇದೇ ಮೊದಲು” ಎಂದು, ಹಗ್ಗ ಬಿಚ್ಚಿದಳು. ಯಾಕೆ ಬಿಚ್ಚಿದೆ ಎಂದು ಕೇಳಿದೆ. “ಕಟ್ಟಿ ಹಾಕಿದವರಿಗೆ ಸಂದಿ ಹೇಳುವ ಕ್ರಮ ಇಲ್ಲ” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಸುರುವಾಯಿತು.

ಗದ್ದೆ ನೆಡುವವರನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ: ಅವರು ಮುಂದೆ ಹೋಗುವುದಿಲ್ಲ. ಬಗ್ಗಿ ನೇಜಿಯ ಸಸಿ ಊರಿ, ಒಂದು ಹೆಜ್ಜೆ ಹಿಂದೆ, ಮತ್ತೆ ಊರಿ, ಮತ್ತೊಂದು ಹೆಜ್ಜೆ ಹಿಂದೆ. ಬಾಗಿಯಕ್ಕ ಹುಟ್ಟಿದ ಮೇಲೆ ಸಂದಿ ಹೇಳಿದ್ದೆಲ್ಲ ಹಿಂದೆ ಹೆಜ್ಜೆ ಇಟ್ಟುಕೊಂಡೇ. ನಿಂತು ಹೇಳು ಎಂದರೆ ಅವಳಿಗೆ ಬಾಯಿಗೆ ಬರುವುದಿಲ್ಲ. ಹಾಗಾಗಿ ಅವಳು ಕುದುರೆಯ ಮುಖಕ್ಕೆ ಮುಖ ಕೊಟ್ಟು, ಸ್ವಲ್ಪ ಬಗ್ಗಿ, ಒಂದು ಸಾಲು ಹೇಳಿ ಒಂದು ಹೆಜ್ಜೆ ಹಿಂದೆ ಇಟ್ಟಳು. ಮುನ್ಸೀಫನ ಕಿವಿ ಎರಡೂ ಮುಂದಕ್ಕೆ ಬಂತು. ಅವಳು ಇನ್ನೊಂದು ಸಾಲು ಹೇಳಿ ಇನ್ನೊಂದು ಹೆಜ್ಜೆ ಹಿಂದೆ ಹೋದಳು. ಅದು ಮುಂಗಾಲು ಎತ್ತಿತು. ಇಡುವಾಗ ನಡುಗಿತು, ಇಟ್ಟಿತು. ನನ್ನ ಕೈಯಲ್ಲಿ ಎಣ್ಣೆಯ ಬಟ್ಟಲು ಹಾಗೇ ಇತ್ತು. ಅಂದು ಬಾಳೆಯ ಬುಡದವರೆಗೆ ಹೋಗಿ ಬಂದಿತು. ವಾರದಲ್ಲಿ ಬಾವಿಯ ಕಟ್ಟೆಯವರೆಗೆ, ಇನ್ನೊಂದು ವಾರಕ್ಕೆ ರಸ್ತೆಯವರೆಗೆ. ಮುದಿ ಕುದುರೆಗೆ ಬೇಕಾದ ನಡಿಗೆ ನಾಟಿಯ ನಡಿಗೆಯೇ ಎಂದು ಮದರಾಸಿನ ಯಾವ ಪುಸ್ತಕದಲ್ಲೂ ಬರೆದಿರಲಾರದು.

ಇದರ ಒಳಗುಟ್ಟು ಹೇಳಿದ್ದು ಸುಮತಿ. ನಾರಾವಿಯ ಕಾಡುದಾರಿಯಲ್ಲಿ ಹುಲಿಯ ಹೆದರಿಕೆಗೆ ಅವಳಪ್ಪ ಹೊರಟಲ್ಲಿಂದ ಮುಟ್ಟುವಲ್ಲಿಯವರೆಗೆ ಗಟ್ಟಿಯಾಗಿ ಏನಾದರೂ ಹೇಳುತ್ತಲೇ ಇರುತ್ತಿದ್ದರಂತೆ. ದನಿ ನಿಂತಿತೆಂದರೆ ಎದುರು ಹುಲಿಯುಂಟು ಎಂದು ಅರ್ಥ. ಮುನ್ಸೀಫ ಅಲ್ಲಿಗೆ ನಿಲ್ಲುತ್ತಿತ್ತು. “ನೀವು ಹದಿನೈದು ದಿನ ಬಾಯಿ ಮುಚ್ಚಿ ಎಳೆದಿರಿ. ಅದು ಹುಲಿ ಬಂತೆಂದೇ ತಿಳಿದಿರಬೇಕು” ಎಂದಳು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನೀವು ಕೇಳಲಿಲ್ಲವಲ್ಲ” ಎಂದಳು.

ಹುಲಿಯನ್ನು ಓಡಿಸುವಷ್ಟು ಗಂಟಲು ನನಗೂ ಇದೆ. ಒಂದು ಭಾನುವಾರ ಬಾಗಿಯಕ್ಕ ಬರುವ ಮೊದಲೇ ನಾನು ಪರೀಕ್ಷೆ ಮಾಡಿ ನೋಡಿದೆ. ಆದರೆ ಏನು ಹೇಳುವುದು? ಪಾಠ ಬಿಟ್ಟರೆ ನನಗೆ ಬೇರೆ ಮಾತು ಬರುವುದಿಲ್ಲ ಎಂಬುದು ಆ ದಿನ ಹಟ್ಟಿಯಲ್ಲಿ ನಿಂತಾಗ ತಿಳಿಯಿತು. ಲೋಪಸಂಧಿಯಿಂದ ಹಿಡಿದೆ. ಮುನ್ಸೀಫ ಒಂದು ಹೆಜ್ಜೆ ಇಟ್ಟಿತು. ಆಗಮಸಂಧಿಗೆ ಬಂದಾಗ ಕಿವಿ ಹಿಂದಕ್ಕೆ ಹೋಯಿತು. ಆದೇಶಸಂಧಿ ಮುಗಿಯುವಾಗ ಅದು ತಾನಾಗಿ ತಿರುಗಿ ಹಟ್ಟಿಯೊಳಗೆ ಹೋಗಿ ಗೋಡೆ ನೋಡಿ ನಿಂತಿತು. ನನ್ನ ತರಗತಿಯ ಹುಡುಗರಿಗೂ ಅದೇ ಆಸೆ ಇದ್ದಿರಬೇಕು, ಅವರಿಗೆ ಹಾಜರಿಯ ಹೆದರಿಕೆ ಇತ್ತು ಅಷ್ಟೆ.

ಹೀಗೆ ಒಂದೂವರೆ ತಿಂಗಳು ನಡೆಯಿತು. ಬೆಳಗಿನ ಬಿಸಿಲಿನಲ್ಲಿ ಹಿಂದುಹಿಂದಕ್ಕೆ ಬಾಗಿಯಕ್ಕ, ಅವಳ ದನಿ ಹಿಡಿದು ಮುನ್ಸೀಫ, ಪಕ್ಕದಲ್ಲಿ ಹುಡುಗರ ಪ್ರಬಂಧದ ಪುಸ್ತಕಗಳನ್ನು ತಿದ್ದುತ್ತಾ ನಾನು. ಡಾಕ್ಟರು ಇನ್ನೊಮ್ಮೆ ಬಂದವರು ಮೊಣಕಾಲು ಮುಟ್ಟಿ ನೋಡಿ, “ಭಾರೀ ಚೆಂದ ಆಗಿದೆ. ಎಂತ ಮಾಡಿದಿರಿ ಪಂಡಿತರೇ?” ಎಂದರು. ನಾನು “ಹೊನ್ನೆಣ್ಣೆ” ಎಂದೆ. ಬಾಗಿಯಕ್ಕ ಬಾವಿಕಟ್ಟೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಡಾಕ್ಟರ ವೇಗದ ಕನ್ನಡ ಅವಳಿಗೆ ತಿಳಿಯದು ಎಂಬ ಧೈರ್ಯ ನನಗಿತ್ತು.

ಡಾಕ್ಟರಿಗೆ ಮುಚ್ಚಿಟ್ಟರೇನು, ಐತಪ್ಪನ ಬಾಯಿ ಮುಚ್ಚುವುದುಂಟೇ? ಒಂದು ದಿನ ಮಾಷ್ಟ್ರುಗಳ ಕೋಣೆಯಲ್ಲಿ ಡ್ರಿಲ್ ಮಾಷ್ಟ್ರು ಎಲ್ಲರೆದುರು ಕೇಳಿದರು: “ಪಂಡಿತರೇ, ನಿಮ್ಮ ಕುದುರೆಯ ಸಂದಿಗೆ ಹೊಟ್ಟೆ ಸೀಳಬೇಕಾ, ಬೇಡವಾ?” ಹಿಂದಿನ ವಾರವಷ್ಟೇ ಅವರ ನೋಟೀಸಿನಲ್ಲಿ ನಾನು ಹನ್ನೊಂದು ತಪ್ಪು ತೆಗೆದಿದ್ದೆ. ಕೋಣೆಯೆಲ್ಲ ನಕ್ಕಿತು. ಹೆಡ್ಮಾಷ್ಟ್ರು ಕೂಡ ಪೇಪರಿನ ಹಿಂದೆ ಹೆಗಲು ಕುಣಿಸಿದರು. ನನ್ನಲ್ಲಿ ಅಂದು ನಗುವಷ್ಟು ಬುದ್ಧಿ ಇದ್ದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಯಕ್ಕನನ್ನು ಮೆಟ್ಟಿಲ ಮೇಲೆ ಕೂರಿಸಿ ಪಾಠ ಮಾಡಿದೆ. ಕನ್ನಡದ ಸಂಧಿ ಬೇರೆ, ತುಳುವಿನ ಸಂದಿ ಬೇರೆ. ನಾನು ಹೇಳಿದ್ದು ಮೊದಲನೆಯದು. ಐತಪ್ಪ ಕೇಳಿಸಿಕೊಂಡದ್ದು ಎರಡನೆಯದು. ಕುದುರೆಗಿರುವುದು ಗಂಟಿನ ಕಾಯಿಲೆ, ಹಾಡಿಗೂ ಅದಕ್ಕೂ ಸಂಬಂಧವಿಲ್ಲ. ಅವಳು ಬಂದದ್ದರಿಂದ ಉಪಕಾರವಾಗಿದೆ, ಬರಬಾರದೆಂದಲ್ಲ, ತಪ್ಪು ತಿಳಿವಳಿಕೆ ಮಾತ್ರ ಇರಬಾರದು. ಎಲ್ಲವನ್ನೂ ಉದಾಹರಣೆ ಸಹಿತ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಾ ಕೇಳಿದಳು.

“ಹಾಗಾದರೆ ನನ್ನನ್ನು ಕರೆದದ್ದೇ ಅಲ್ಲ” ಎಂದಳು ಕೊನೆಗೆ.

“ಹಾಗಲ್ಲ ಬಾಗಿಯಕ್ಕ, ಅರ್ಥ ಸ್ಪಷ್ಟ ಇರಬೇಕು ಎಂದು—”

“ಕರೆಯದೆ ಬಂದೆ. ಒಂದೂವರೆ ತಿಂಗಳು ಕರೆಯದೆ ಬಂದೆ.” ಅವಳು ಎಲೆಚೀಲವನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಇನ್ನೊಂದು ಉದಾಹರಣೆ ಕೊಟ್ಟು ಸಮಾಧಾನ ಮಾಡುತ್ತಿದ್ದೆ. ನಾಚಿಕೆಯಿಂದ ಅವಳ ಮುಖ ಸಣ್ಣದಾಗಿತ್ತು. ಹಟ್ಟಿಯ ಕಡೆ ನೋಡದೆ ಹೋದಳು.

ಆ ವಾರವೇ ಚಳಿ ಹೆಚ್ಚಾಯಿತು. ಒಂದು ದಿನ, ಎರಡು ದಿನ, ಮೂರು ದಿನ ಮುನ್ಸೀಫ ಬಾಗಿಲಲ್ಲಿ ಕಿವಿ ನಿಲ್ಲಿಸಿ ಕಾದಿತು. ನಾನು ಕರೆದರೆ ಬರಲಿಲ್ಲ. ಸುಮತಿ ಒಲೆಯ ಕೆಲಸ ಬಿಟ್ಟು ಬಂದು ಅದರ ಮುಂದೆ ನಿಂತು ಮಾತಾಡಿಸಿದಳು; ನಾಲ್ಕು ಹೆಜ್ಜೆ ಬಂದಿತು. ಮಾತಾಡುತ್ತಾ ಅಪ್ಪನ ವಿಷಯ ಬಂತು, ಅವಳ ದನಿ ನಿಂತಿತು, ಕುದುರೆಯೂ ನಿಂತಿತು. ನಾಲ್ಕನೆಯ ದಿನ ಬೆಳಿಗ್ಗೆ ನಾವು ಹೋಗಿ ನೋಡುವಾಗ ಅದು ತರಗೆಲೆಯ ಮೇಲೆ ಅಡ್ಡ ಬಿದ್ದಿತ್ತು. ಏಳಲು ಒಮ್ಮೆ ಕತ್ತು ಎತ್ತಿತು, ಮುಂಗಾಲು ಊರಿತು, ಮತ್ತೆ ಬಿತ್ತು. ಐತಪ್ಪನನ್ನು ಕರೆಸಿ ಹೊಟ್ಟೆಯಡಿಗೆ ಗೋಣಿ ಕೊಟ್ಟು ಎತ್ತಿದರೂ ಆಗಲಿಲ್ಲ. ಸುಮತಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲದಲ್ಲಿ ಕೂತಳು. ಮೂಡುಬಿದಿರೆಗೆ ಹೋಗುವ ಮೊದಲ ಬಸ್ಸಿಗೆ ಇನ್ನೂ ಹೊತ್ತಿತ್ತು. “ಡಾಕ್ಟರಿಗೆ ಹೇಳಿ ಕಳುಹಿಸಬೇಕಾ?” ಎಂದು ನಾನು ಕೇಳಿದೆ. ಅವಳು ತಲೆ ಎತ್ತಲಿಲ್ಲ. “ನೀವು ಪಾಠ ಮಾಡಿದವರ ಮನೆಗೆ ಮೊದಲು ಹೋಗಿ ಬನ್ನಿ” ಎಂದಳು.

ಬಾಗಿಯಕ್ಕ ಅಂಗಳದಲ್ಲಿ ಹುರುಳಿ ಬಡಿಯುತ್ತಿದ್ದಳು. ದಾರಿಯಲ್ಲಿ ನಾನು ಬಹಳ ವಾಕ್ಯ ಜೋಡಿಸಿಕೊಂಡಿದ್ದೆ. ಅಂಗಳಕ್ಕೆ ಕಾಲಿಟ್ಟಾಗ ಒಂದೂ ಇರಲಿಲ್ಲ. “ಬಾಗಿಯಕ್ಕ, ನಾನು ಹೇಳಿದ್ದು ತಪ್ಪು” ಎಂದೆ, ತುಳುವಿನಲ್ಲಿ. ಎಷ್ಟೋ ವರ್ಷದ ಮೇಲೆ ಬಾಯಿಗೆ ಬಂದ ತುಳು. ನನಗೇ ಬೇರೆ ಯಾರೋ ಮಾತಾಡಿದಂತೆ ಕೇಳಿಸಿತು. “ನೀನು ತಿಳಿದದ್ದೇ ಸರಿ. ಕುದುರೆಗೆ ಆಗಬೇಕಾದದ್ದು ಆ ಸಂದಿಯೇ.”

ಅವಳು ಬಡಿಯುವುದನ್ನು ನಿಲ್ಲಿಸಿದಳು. “ಪುಸ್ತಕದಲ್ಲಿ ಹಾಗೆ ಉಂಟಾ?”

“ಉಂಟು” ಎಂದೆ. ವ್ಯಾಕರಣದ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಮಹಾಪ್ರಾಣ ಬಿಟ್ಟರೆ ಒಂದು ಪ್ರಾಣ ಉಳಿಯುವುದಾದರೆ ಬಿಡಬೇಕು ಎಂದು ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ಅವಳು ಸೀರೆಯ ಹೊಟ್ಟು ಕೊಡವಿ, ಮುಂದೆ ನಡೆದಳು.

ಹಟ್ಟಿಯ ಬಾಗಿಲಲ್ಲಿ ನಿಂತು ಬಿದ್ದ ಕುದುರೆಯನ್ನು ನೋಡಿದವಳು ಕೂಡಲೇ ಹಾಡಲಿಲ್ಲ. ನನ್ನ ಕಡೆ ತಿರುಗಿ, “ಎಲ್ಲಿಯವರೆಗೆ ಹೇಳಿದ್ದೆ?” ಎಂದಳು.

ನನಗೆ ಅರ್ಥವಾಗಲಿಲ್ಲ.

“ಸಂದಿಯನ್ನು ಬಿಟ್ಟ ಜಾಗದಿಂದಲೇ ಎತ್ತಬೇಕು. ಗದ್ದೆಯಲ್ಲಾದರೆ ಹಿಂದಿನಿಂದ ದನಿಗೂಡಿಸುವವರು ನೆನಪಿಟ್ಟುಕೊಳ್ತಾರೆ, ನಾನು ಇಟ್ಟುಕೊಳ್ಳುವುದಿಲ್ಲ. ಇಲ್ಲಿ ಪಕ್ಕದಲ್ಲಿ ಇದ್ದವರು ನೀವಲ್ಲವಾ? ಎಲ್ಲಿಯವರೆಗೆ ಬಂದಿತ್ತು?”

ಒಂದೂವರೆ ತಿಂಗಳು, ದಿನಾ, ಮೂರು ಮಾರು ದೂರದಲ್ಲಿ ನಡೆದಿದ್ದೆ. ಒಂದು ಸಾಲು ನೆನಪಿರಲಿಲ್ಲ. ಕಥೆ ಗಂಡಸಿನದೋ ಹೆಂಗಸಿನದೋ ಅದೂ ಗೊತ್ತಿರಲಿಲ್ಲ. ಪಾಠ ಕೇಳದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ದಿನಗಳೆಲ್ಲ ನೆನಪಾದವು. ನೆಲದಲ್ಲಿ ಕುದುರೆ ಉಸಿರು ಬಿಡುತ್ತಿತ್ತು.

“ಹುಡುಗಿ ಹೊಳೆ ದಾಟಿ ಆಗಿದೆ” ಎಂದಳು ಸುಮತಿ ಕೆಳಗಿನಿಂದ, ತುಳುವಿನಲ್ಲಿ. “ಗಂಡನ ಮನೆಯ ಬಾಗಿಲ ಪಡಿ ಇನ್ನೂ ತೆಗೆದಿಲ್ಲ. ಹೊರಗೆ ನಿಂತು ಕರೆಯುತ್ತಾ ಇದ್ದಾಳೆ.” ಅವಳು ಅಡುಗೆಕೋಣೆಯ ಕಿಟಕಿಯಿಂದ ದಿನಾ ಕೇಳುತ್ತಿದ್ದಳು.

“ಹಾಂ, ಅಲ್ಲಿ” ಎಂದಳು ಬಾಗಿಯಕ್ಕ. ನನಗೆ, “ನೀವು ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಹಿಂದೆ ಹೋಗಿ” ಎಂದು ಹೇಳಿ, ಬಗ್ಗಿ, ಹೊರಗೆ ನಿಂತ ಆ ಹುಡುಗಿಯ ಕರೆಯನ್ನು ಎತ್ತಿದಳು. ಕಿವಿ ಮೊದಲು ಎದ್ದಿತು. ಎರಡನೆಯ ಸಾಲಿಗೆ ಕತ್ತು. ಐತಪ್ಪ ಗೋಣಿ ಹಿಡಿದ, ನಾನು ಬಾಲದ ಕಡೆ ಹೋಗಿ ಹೆಗಲು ಕೊಟ್ಟೆ. ಒಮ್ಮೆ ಮುಂಗಾಲು ಊರಿ ಜಾರಿತು. ಬಾಗಿಯಕ್ಕ ದನಿ ತಗ್ಗಿಸದೆ ಒಂದು ಹೆಜ್ಜೆ ಹಿಂದೆ ಇಟ್ಟಳು. ಮುನ್ಸೀಫ ಇನ್ನೊಮ್ಮೆ ಊರಿತು, ನರಳಿತು, ನಾಲ್ಕೂ ಕಾಲಿನ ಮೇಲೆ ನಿಂತಿತು. ಸುಮತಿ ಅಳುತ್ತಿದ್ದಳು. ನನಗೂ ಕಣ್ಣು ಕಾಣುತ್ತಿರಲಿಲ್ಲ.

ಅಂದಿನಿಂದ ಪ್ರಬಂಧದ ಪುಸ್ತಕಗಳನ್ನು ಮನೆಯಲ್ಲೇ ಬಿಟ್ಟು, ಕುದುರೆಯ ಬಾಲದ ಹಿಂದೆ ನಡೆಯುತ್ತಾ ನಾನು ಸಂದಿ ಕೇಳಿದೆ. ಶಿವರಾತ್ರಿಗೆ ಎರಡು ದಿನ ಮೊದಲು ಅದು ಮುಗಿಯಿತು. ಮುನ್ಸೀಫ ಆಮೇಲೆ ಇನ್ನೂ ಎರಡು ಚಳಿಗಾಲ ಕಂಡಿತು. ಒಮ್ಮೆ ಹೇಳಿದ್ದನ್ನೇ ಮತ್ತೆ ಹೇಳಿದರೆ ಅದಕ್ಕೆ ಬೇಸರವೆಂದು ಬಾಗಿಯಕ್ಕ ಆ ವರ್ಷಗಳಲ್ಲಿ ಬೇರೆ ಸಂದಿ ತಂದಳು. ಅವೆರಡನ್ನೂ ನಾನು ಮೊದಲಿನಿಂದ ಕೇಳಿ ಬಲ್ಲೆ. ಮೊದಲ ವರ್ಷದ್ದು ಮಾತ್ರ ನನಗೆ ಹೊಳೆಯಿಂದ ಈಚೆಗೆ ಗೊತ್ತು. ಪಡಿ ತೆಗೆದರು, ಹುಡುಗಿ ಒಳಗೆ ಹೋದಳು, ಆಮೇಲಿನದ್ದೆಲ್ಲ ಸಾಲು ಸಾಲಾಗಿ ಹೇಳಬಲ್ಲೆ. ಆದರೆ ಅವಳು ತಾಯಿಮನೆ ಬಿಟ್ಟು ಯಾಕೆ ಹೊರಟಳು, ಒಬ್ಬಳೇ ಹೊಳೆ ದಾಟುವಂಥದ್ದು ಏನಾಗಿತ್ತು, ಅದು ಮುನ್ಸೀಫನಿಗೆ ಗೊತ್ತಿತ್ತು, ನನಗೆ ಗೊತ್ತಿಲ್ಲ. ಕೇಳುವುದಕ್ಕೆ ಬಾಗಿಯಕ್ಕ ಈಗ ಇಲ್ಲ. ಸುಮತಿಗೆ ಪೂರ್ತಿ ಬರುತ್ತದೆ. ಕೇಳಿದರೆ ಹೇಳುವುದಿಲ್ಲ, “ಆಗ ನೀವು ಎಲ್ಲಿದ್ದಿರಿ?” ಎನ್ನುತ್ತಾಳೆ. ಎಲ್ಲಿದ್ದೆ? ಕುದುರೆಯ ಪಕ್ಕದಲ್ಲೇ ಇದ್ದೆ.